ಬೊಗೊಂಗ್ ಪತಂಗಗಳು ಬೇಸಿಗೆಯಲ್ಲಿ ಪರ್ವತಗಳಿಗೆ ವಲಸೆ ಹೋಗುವುದೇಕೆ?

ಆಸ್ಟ್ರೇಲಿಯಾದ ಬೊಗೊಂಗ್ ಪತಂಗ, ಅಂದರೆ ಅಗ್ರೋಟಿಸ್ ಇನ್‌ಫ್ಯೂಸಾ, ಬೆಟ್ಟ ಏರುವುದು ಆಹಾರಕ್ಕೂ ಅಲ್ಲ, ಸಂತಾನಕ್ಕೂ ಅಲ್ಲ. ಬಯಲಿನ ಬಿಸಿಯಿಂದ ತಪ್ಪಿಸಿಕೊಂಡು ಬೇಸಿಗೆಯನ್ನು ನಿದ್ದೆಯಲ್ಲಿ ಕಳೆಯಲು. ಇದರ ಮರಿಹುಳುಗಳು ದಕ್ಷಿಣ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾದ ಬಯಲುಗಳಲ್ಲಿ ಚಳಿಗಾಲದಲ್ಲಿ ಬೆಳೆಯುತ್ತವೆ. ನಮ್ಮ ಆಲೂಗಡ್ಡೆ ಬೆಳೆಗಾರರನ್ನು ಕಾಡುವ ಕಾಂಡ ಕತ್ತರಿಸುವ ಹುಳುವೂ ಇದೇ ಕುಲಕ್ಕೆ ಸೇರಿದೆ.

ವಸಂತದಲ್ಲಿ ಕೋಶದಿಂದ ಹೊರಬಂದ ಪತಂಗಗಳು, ಹಿಂದೆಂದೂ ಆ ದಾರಿಯನ್ನು ಕಂಡಿರದಿದ್ದರೂ, ರಾತ್ರಿಗಳಲ್ಲಿ ಹಾರುತ್ತ 1,000 ಕಿಲೋಮೀಟರಿನವರೆಗೂ ಸಾಗಿ ಆಸ್ಟ್ರೇಲಿಯನ್ ಆಲ್ಪ್ಸ್‌ನ ಗುಹೆಗಳನ್ನು ತಲುಪುತ್ತವೆ. ದಿಕ್ಕು ತಿಳಿಯಲು ಅವು ಭೂಕಾಂತ ಕ್ಷೇತ್ರದ ಜೊತೆಗೆ ನಕ್ಷತ್ರಗಳನ್ನೂ ಬಳಸುತ್ತವೆಂದು 2025ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಅಕ್ಕಿಕಾಳಿಗಿಂತ ಚಿಕ್ಕ ಮಿದುಳಿಗೆ ಇದು ಅಸಾಮಾನ್ಯ ಸಾಮರ್ಥ್ಯವೇ ಸರಿ. ಗುಹೆಯ ತಣ್ಣನೆಯ ಗ್ರಾನೈಟ್ ಗೋಡೆಯ ಮೇಲೆ ಪ್ರತಿ ಪತಂಗವೂ ಮುಂದಿನದರ ರೆಕ್ಕೆಯಡಿ ತಲೆ ತೂರಿಸಿ, ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಒತ್ತಿಕೊಂಡು ಕೂರುತ್ತದೆ. ಒಂದು ಚದರ ಮೀಟರಿನಲ್ಲಿ ಸುಮಾರು 17,000 ಪತಂಗಗಳಿರಬಹುದು. ಶರತ್ಕಾಲದಲ್ಲಿ ಅವೇ ಪತಂಗಗಳು ಬಯಲಿಗೆ ಮರಳಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತವೆ.

ಕೊಬ್ಬು ತುಂಬಿದ ಈ ಪತಂಗಗಳನ್ನು ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಸುಟ್ಟು ತಿನ್ನುತ್ತಿದ್ದರು. ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ, ಅಳಿವಿನಂಚಿನಲ್ಲಿರುವ ಪುಟ್ಟ ಪ್ರಾಣಿ ಪರ್ವತ ಪಿಗ್ಮಿ ಪಾಸಮ್‌ಗೂ ಇವೇ ವಸಂತಕಾಲದ ಮುಖ್ಯ ಆಹಾರ. 2017ರ ಸುಮಾರಿಗೆ ತೀವ್ರ ಬರದಿಂದ ಪತಂಗಗಳ ಸಂಖ್ಯೆ ಕುಸಿದಾಗ ಪಾಸಮ್ ಮರಿಗಳು ತಾಯಿಯ ಚೀಲದಲ್ಲೇ ಹಸಿವಿನಿಂದ ಸತ್ತವು. 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಪತಂಗವನ್ನೂ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು.