ಬಟ್ಟಲು ತುಂಬಿಸುವವರಿಗೂ ಒಂದು ಬಟ್ಟಲು

ಈ ವಾರ ಒಂದೇ ಪತ್ರಕ್ಕೆ ಉತ್ತರ. ಓದಿದಾಗಿನಿಂದ ಬೇರೆ ಪತ್ರ ತೆರೆಯಲು ಮನಸ್ಸೇ ಬರಲಿಲ್ಲ.

ಬರೆದವರು ಕರಾವಳಿಯ ಹಳೇ ಕ್ರೈಸ್ತ ಸಭೆಯೊಂದರ ಹಿರಿಯ ಹೆಣ್ಣುಮಗಳು. ವರ್ಷಗಳಿಂದ ವೇದಿಯ ಬಟ್ಟೆ ಒಗೆದು ಇಸ್ತ್ರಿ ಮಾಡುವವರು ಇವರೇ. ದ್ರಾಕ್ಷಾರಸದ ಕಲೆ ಬಿದ್ದರೆ ನಿಂಬೆಹುಳಿ, ಉಪ್ಪು ಹಚ್ಚಿ ಉಜ್ಜುತ್ತಾರಂತೆ. ಯೇಸುವಿನ ಕೊನೆಯ ಊಟ ನೆನೆದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಚಿಕ್ಕ ಬಟ್ಟಲುಗಳನ್ನು ತುಂಬಿಸಿಡುವವರೂ ಇವರೇ. ಈಚೆಗೆ ಸಭೆಯ ವಾರ್ಷಿಕೋತ್ಸವ ಆಯಿತು, ಸ್ಮರಣ ಸಂಚಿಕೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನರಿಗಳಿಂದ ಹಿಡಿದು ಈ ಸಲ ಪೆಂಡಾಲ್ ಹಾಕಿಸಿದವರವರೆಗೆ ಎಲ್ಲರ ಹೆಸರೂ ಇದೆ. ಇವರದ್ದಿಲ್ಲ. ಉಳಿದವರಿಗೆ ಶಾಲು ಹೊದೆಸುವಾಗ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದರು, ಅಷ್ಟೇ.

ಮನೆಗೆ ಬಂದು ಅತ್ತಾಗ ನಾದಿನಿ ಹೇಳಿದರಂತೆ: "ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಸತ್ಯವೇದದಲ್ಲೇ ಇದೆಯಲ್ಲ ಅತ್ತಿಗೆ, ನಿಮಗೆ ಯಾಕೆ ಹೆಸರಿನ ಆಸೆ?"

ಇವರು ನನ್ನನ್ನು ಕೇಳುತ್ತಾರೆ: "ದೇವರಿಗೂ ನಾನು ಲೆಕ್ಕಕ್ಕಿಲ್ಲವಾ?"

ಮೊದಲು ಆ ನಾದಿನಿಯ ಮಾತು. ನನಗೆ ಅವರ ಮೇಲೆ ನಿಜಕ್ಕೂ ಸಿಟ್ಟು ಬಂದಿದೆ. ಬೈಬಲಿನ ಮತ್ತಾಯ 6ನೇ ಅಧ್ಯಾಯದ ಆ ಮಾತನ್ನು ಕೊಡುವವನು ತನಗೆ ತಾನೇ ಹೇಳಿಕೊಳ್ಳಬೇಕು. ಅಳುತ್ತಿರುವ ಇನ್ನೊಬ್ಬರ ಬಾಯಿ ಮುಚ್ಚಿಸಲು ಅದನ್ನು ಬಳಸಬಾರದು. ಅದರ ಮುಂದಿನ ಮಾತನ್ನು ಅವರು ನುಂಗಿಬಿಟ್ಟರು ನೋಡಿ: ಗುಟ್ಟಾಗಿ ಮಾಡಿದ್ದನ್ನೂ ನೋಡುವ ತಂದೆ ನಿನಗೆ ಪ್ರತಿಫಲ ಕೊಡುತ್ತಾನೆ. ನಿಮಗೆ ಬೇಕಿದ್ದ ಸಮಾಧಾನ ಆ ಅರ್ಧದಲ್ಲೇ ಇತ್ತು.

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ದುಡಿದವರ ಹೆಸರು ಹಿಡಿದು ಕೃತಜ್ಞತೆ ಹೇಳುವುದು ಸಭೆಯ ಕರ್ತವ್ಯ. ದೀನತೆಯನ್ನು ನಾವು ನಾವೇ ಕಲಿಯಬೇಕು, ಇನ್ನೊಬ್ಬರ ತಲೆಗೆ ಕಟ್ಟಬಾರದು. ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯ ತೆಗೆದು ಓದಿ. ಅಷ್ಟೆಲ್ಲ ದೊಡ್ಡ ಉಪದೇಶ ಬರೆದ ಅಪೊಸ್ತಲ ಪೌಲ ಕೊನೆಗೆ ಕೂತು ಒಬ್ಬೊಬ್ಬರನ್ನೇ ನೆನೆಯುತ್ತಾನೆ. ಫೊಯಿಬೆ ಬಹಳ ಜನರಿಗೆ ಸಹಾಯ ಮಾಡಿದಳು, ನನಗೂ ಮಾಡಿದಳು. ಮರಿಯಳು ನಿಮಗಾಗಿ ಬಹಳ ದುಡಿದಳು. ತ್ರುಫೈನ, ತ್ರುಫೋಸ, ಪೆರ್ಸೀಸ್ ಕೂಡ ಕರ್ತನ ಕೆಲಸದಲ್ಲಿ ದುಡಿದವರು. ರೂಫನ ತಾಯಿಯ ಹೆಸರು ಅಲ್ಲಿಲ್ಲ, ಆದರೆ ಆಕೆ ನನಗೂ ತಾಯಿ ಅನ್ನುತ್ತಾನೆ. ಪೌಲ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ತೆರ್ತ್ಯ ನಡುವೆ ತನ್ನದೂ ಒಂದು ವಂದನೆ ಸೇರಿಸಿದ. ಅದನ್ನು ಯಾರೂ ಹೊಡೆದುಹಾಕಲಿಲ್ಲ, ಇವತ್ತಿಗೂ ಹಾಗೇ ಇದೆ. ಹಾಗಾಗಿ ನಿಮಗೆ ನೋವಾಗಿದ್ದು ತಪ್ಪಲ್ಲ. ಸಂಚಿಕೆ ಮಾಡಿದವರು ತಪ್ಪಿದ್ದಾರೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ. ಪತ್ರದ ಕೊನೆಯಲ್ಲಿ, ಸಹಿಯ ಮೇಲೆ, ಸುಮ್ನೆ ಎಂಬಂತೆ ಒಂದು ಸಾಲು ಬರೆದಿದ್ದೀರಿ: "ಆಮೇಲಿಂದ ಬಟ್ಟಲು ತುಂಬಿಸಿಟ್ಟು ಹೊರಗೆ ಬಂದುಬಿಡುತ್ತೇನೆ, ಭೋಜನ ತೆಗೆದುಕೊಳ್ಳುತ್ತಿಲ್ಲ."

ಅಮ್ಮಾ, ಇದನ್ನು ಮೊದಲ ಸಾಲಲ್ಲೇ ಬರೆಯಬೇಕಿತ್ತು.

ಎಷ್ಟು ಜನ ಬರುತ್ತಾರೆ ಅಂತ ಲೆಕ್ಕ ಹಾಕಿ ಬಟ್ಟಲು ಇಡುವವರು ನೀವು. ಆ ಲೆಕ್ಕದಲ್ಲಿ ನಿಮ್ಮದೂ ಒಂದು ಇರುತ್ತಿತ್ತು ಅಲ್ವಾ? ಸಂಚಿಕೆಯಲ್ಲಿ ನಿಮ್ಮ ಹೆಸರು ಬಿಟ್ಟವರು ಬೇರೆಯವರು. ಇಲ್ಲಿ ನಿಮ್ಮನ್ನು ನೀವೇ ಬಿಟ್ಟುಕೊಂಡಿದ್ದೀರಿ. ನಿಮ್ಮ ಬೆಲೆ ಎಷ್ಟು ಅಂತ ಯೇಸು ಹೇಳುವ ಜಾಗವೇ ಅದು. ವೇದಿಯ ಮುಂದೆ ಮೊಣಕಾಲೂರಿದವರಿಗೆ ಕೇಳುವ ಮಾತು "ನಿಮಗೋಸ್ಕರ". ದೇಣಿಗೆ ಕೊಟ್ಟವರಿಗೂ ಅದೇ ಮಾತು, ಬಟ್ಟೆ ಒಗೆದವರಿಗೂ ಅದೇ, ಅಳತೆಯೂ ಅದೇ. ಕಮಿಟಿಯ ಮೇಲಿನ ಬೇಸರಕ್ಕೆ ಆ ಮಾತನ್ನು ಕೇಳದೆ ಹೊರಗೆ ನಿಂತಿದ್ದೀರಿ. "ದೇವರಿಗೂ ಲೆಕ್ಕಕ್ಕಿಲ್ಲವಾ" ಅನ್ನೋ ಪ್ರಶ್ನೆ ದಿನೇದಿನೇ ಜಾಸ್ತಿ ಆಗಿರೋದು ಇದರಿಂದಲೇ ಅಂತ ನನಗೆ ಅನಿಸುತ್ತದೆ.

ಯೋಹಾನ 13 ನಿಮಗೆ ಗೊತ್ತಿರುವುದೇ. ಯೇಸು ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾ ಬಂದಾಗ ಪೇತ್ರ ಬೇಡವೇ ಬೇಡ ಅಂದ. ಅವನು ಸಂಕೋಚಕ್ಕೆ ಬೇಡ ಅಂದ, ನೀವು ನೋವಿಗೆ ಬೇಡ ಅನ್ನುತ್ತಿದ್ದೀರಿ. ಯೇಸು ಅವನನ್ನು ಬಿಟ್ಟು ಮುಂದಿನವನ ಹತ್ತಿರ ಹೋಗಲಿಲ್ಲ. ನಾನು ನಿನ್ನನ್ನು ತೊಳೆಯದೆ ಹೋದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಅಂದ. ಪೇತ್ರ ತನ್ನ ಜೊತೆಗೇ ಇರಬೇಕು ಅಂತ ಹೇಳಿದ ಮಾತು ಅದು. ಜೀವಮಾನವೆಲ್ಲ ಬೇರೆಯವರಿಗೆ ಮಾಡಿಕೊಟ್ಟವರಿಗೆ ಕೈಚಾಚಿ ತೆಗೆದುಕೊಳ್ಳುವುದು ಕಷ್ಟ. ಅದು ನನಗೆ ಅರ್ಥವಾಗುತ್ತದೆ.

ಸಭಾಪಾಲಕರ ಹತ್ತಿರ ಮಾತಾಡಬೇಕಾ, ಕಮಿಟಿಗೆ ಬರೆಯಬೇಕಾ ಅಂತೆಲ್ಲ ಕೇಳಿದ್ದೀರಿ. ಅದು ಆಮೇಲೆ. ಸದ್ಯಕ್ಕೆ ಒಂದೇ ಕೆಲಸ. ಮುಂದಿನ ಭೋಜನದ ಭಾನುವಾರ ಬಟ್ಟಲು ತುಂಬಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ. ಆರಾಧನೆಗೆ ಎಲ್ಲರ ಹಾಗೆ ಹೊತ್ತಿಗೆ ಸರಿಯಾಗಿ ಬನ್ನಿ, ಮುಂದಿನ ಬೆಂಚಿನಲ್ಲಿ ಕೂರಿ, ಕರೆದಾಗ ಎದ್ದು ಹೋಗಿ ಮೊಣಕಾಲೂರಿ ತೆಗೆದುಕೊಳ್ಳಿ. ಮುಗಿದ ಮೇಲೆ ಬಟ್ಟಲು ತೊಳೆಯಲು ಒಳಗೆ ಹೋಗಬೇಡಿ. ನೇರ ಮನೆಗೆ ಹೋಗಿ, ನನಗೆ ಇನ್ನೊಂದು ಪತ್ರ ಬರೆಯಿರಿ.