ಶಾಲಾ ದಿನಗಳಲ್ಲಿ ನಿಮಗೆ ಹುಚ್ಚು ಹಿಡಿಸಿದ ಮೊಬೈಲ್ ಗೇಮ್ ಯಾವುದು? ಈಗಿನ ಗೇಮ್‌ಗಳಲ್ಲಿ ಆ ಮಜಾ ಯಾಕಿಲ್ಲ?

ಸ್ನೇಕ್. ಅದರಲ್ಲೂ ನೋಕಿಯಾ 1100ರಲ್ಲಿದ್ದ ಸ್ನೇಕ್ 2. ಮಂಡ್ಯ ಕಡೆಯ ನಮ್ಮೂರಲ್ಲಿ ಅದನ್ನು ಸ್ನೇಕ್ ಅಂದವರೇ ಕಮ್ಮಿ, ಹಾವಿನ ಆಟ ಅಂತಲೇ ಅನ್ನುತ್ತಿದ್ದೆವು. ಯಾರ ಮನೆಗೆ ನೆಂಟರು ಬಂದರೂ ಅವರ ಮೊಬೈಲಲ್ಲಿ ಹಾವಿದೆಯಾ ಅನ್ನುವುದೇ ಮೊದಲ ವಿಚಾರಣೆ.

1100 ಮಾರುಕಟ್ಟೆಗೆ ಬಂದಿದ್ದು 2003ರಲ್ಲಿ. ಪ್ರಪಂಚದಲ್ಲೆಲ್ಲ ಸೇರಿ 25 ಕೋಟಿ ಹತ್ತಿರ ಮಾರಾಟವಾದ ಸೆಟ್ ಅದು. ನಮ್ಮಪ್ಪ ಅದನ್ನು ತಗೊಂಡಿದ್ದು ಆಟಕ್ಕಂತೂ ಅಲ್ಲ, ಮಾತಾಡೋದಕ್ಕೂ ಅಷ್ಟಕ್ಕಷ್ಟೇ. ಅವರಿಗೆ ಬೇಕಿದ್ದುದು ಅದರ ನೆತ್ತಿ ಮೇಲಿನ ಟಾರ್ಚ್. ತ್ರೀ ಫೇಸ್ ಕರೆಂಟ್ ಕೊಡುತ್ತಿದ್ದುದು ರಾತ್ರಿ. ಮೋಟಾರ್ ಹಾಕಿ ಕಬ್ಬಿಗೆ ನೀರು ಕಟ್ಟಲು ಹೋಗುವಾಗ ಅದು ಕೈಯಲ್ಲಿರಲೇಬೇಕು. ಹಾಗಾಗಿ ಶಾಲೆಯಿಂದ ಬಂದ ಮೇಲೆ ಕರೆಂಟ್ ಬರುವ ತನಕ ಮಾತ್ರ ಮೊಬೈಲ್ ನಮ್ಮದು. ಅಷ್ಟರಲ್ಲೂ "ಚಾರ್ಜು ಮುಗುದೋಯ್ತದೆ, ಇಡ್ಲಾ ಅತ್ಲಾಗೆ" ಅನ್ನೋ ಕೂಗು ತಪ್ಪುತ್ತಿರಲಿಲ್ಲ.

ಜಾಸ್ತಿ ಆಡಿದ್ದು ಆಲೆಮನೆಯಲ್ಲಿ. ನಮ್ಮ ಕಬ್ಬಿನ ಸರದಿ ಬಂದಾಗ ಅಪ್ಪ ಕೊಪ್ಪರಿಗೆ ಹತ್ತಿರ ನಿಂತು ಪಾಕ ನೋಡುತ್ತಿದ್ದರು. ನಾನು, ದೊಡ್ಡಪ್ಪನ ಮಗ ಇಬ್ಬರೂ ಒಣಗಿದ ಸಿಪ್ಪೆಯ ರಾಶಿ ಮೇಲೆ ಕೂತು ಆಡುತ್ತಿದ್ದೆವು. ಬಿಸಿ ಬೆಲ್ಲ ತಿಂದ ಕೈ, ಕೀಪ್ಯಾಡೆಲ್ಲ ಅಂಟು. ಪುಣ್ಯಕ್ಕೆ 1100ರ ಕೀಪ್ಯಾಡ್ ಧೂಳು ನುಗ್ಗದ ಹಾಗೆ ಒಂದೇ ರಬ್ಬರ್ ಹಾಳೆಯಲ್ಲಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. 2, 4, 6, 8 ಈ ನಾಲ್ಕು ಅಂಕಿ ಮಾತ್ರ ಸವೆದು ಅಳಿಸಿಹೋಗಿದ್ದವು. ಅಪ್ಪ ನಂಬರ್ ಒತ್ತುವಾಗ ಗೊಣಗುತ್ತಿದ್ದುದು ಅದಕ್ಕೇ.

ನಿಯಮ ಒಂದೇ. ಔಟಾದರೆ ಮೊಬೈಲ್ ಕೊಡಬೇಕು. ತುತ್ತು ನುಂಗಿದಷ್ಟೂ ಹಾವು ಬೆಳೆಯುತ್ತದೆ. ಉದ್ದವಾದ ಮೇಲೆ ಗದ್ದೆ ಉಳುವ ಹಾಗೆ ಸಾಲು ಬಿಡದೆ ಆ ಕಡೆಯಿಂದ ಈ ಕಡೆಗೆ ಓಡಿಸಬೇಕು, ಇಲ್ಲದಿದ್ದರೆ ತನ್ನ ಬಾಲವನ್ನೇ ಕಚ್ಚಿಕೊಳ್ಳುತ್ತದೆ. ಲೆವೆಲ್ ಜಾಸ್ತಿ ಇಟ್ಟರೆ ಓಟವೂ ಜಾಸ್ತಿ, ತುತ್ತಿಗೆ ಸಿಗುವ ಪಾಯಿಂಟೂ ಜಾಸ್ತಿ. ನಡುವೆ ಒಂದು ಹುಳ ಬಂದು ಕೂರುತ್ತಿತ್ತು, ಅದನ್ನು ಹೊತ್ತು ಮೀರುವುದರೊಳಗೆ ನುಂಗಬೇಕು. ಆ ಆಸೆಗೆ ಬಿದ್ದು ಸತ್ತ ಹಾವುಗಳೇ ಹೆಚ್ಚು. ಇನ್ನು ಟಾಪ್ ಸ್ಕೋರ್ ಜಾಗದಲ್ಲಿ ಬರೀ ಅಂಕಿ ಇರುತ್ತಿತ್ತು, ಹೆಸರಿಲ್ಲ. "ನಂದೇ ಕಣ್ಲಾ ಅದು" ಅಂತ ದೊಡ್ಡಪ್ಪನ ಮಗ ಇವತ್ತಿಗೂ ಹೇಳುತ್ತಾನೆ. ಸುಳ್ಳು.

ಈ ಆಟವನ್ನು ಮೊಬೈಲಿಗೆ ತಂದವರು ಫಿನ್‌ಲೆಂಡಿನ ತನೆಲಿ ಅರ್ಮಾಂಟೊ, 1997ರಲ್ಲಿ ನೋಕಿಯಾ 6110ಕ್ಕೆ. ಇದರ ಮೂಲ ಇನ್ನೂ ಹಳೆಯದು, 1976ರ ಬ್ಲಾಕೇಡ್ ಅನ್ನೋ ಆರ್ಕೇಡ್ ಆಟ, ಅಂದರೆ ಕಾಸು ಹಾಕಿ ಆಡುವ ಯಂತ್ರದ್ದು. 6110ರಲ್ಲಿ ಇನ್‌ಫ್ರಾರೆಡ್ ಮೂಲಕ, ಅಂದರೆ ಕಣ್ಣಿಗೆ ಕಾಣದ ಬೆಳಕಿನಿಂದ, ಎರಡು ಮೊಬೈಲ್ ಎದುರುಬದುರು ಹಿಡಿದು ಇಬ್ಬರು ಆಡಬಹುದಿತ್ತಂತೆ. ನಮಗೆ ಒಂದು ಸೆಟ್ ಸಿಗುವುದೇ ಕಷ್ಟ, ಇನ್ನು ಎರಡು ಎಲ್ಲಿಂದ ತರೋದು?

ಈಗಿನ ಗೇಮ್‌ಗಳಲ್ಲಿ ಮಜಾ ಇಲ್ಲ ಅಂತ ನಾನು ಹೇಳುವುದಿಲ್ಲ. ಗ್ರಾಫಿಕ್ಸ್ ನೋಡಿದರೆ ಬಾಯಿ ಬಿಡಬೇಕು. ಆದರೆ ಔಟಾದ ಮೇಲೆ ಜಾಹೀರಾತು ನೋಡಿದರೆ ಇನ್ನೊಂದು ಜೀವ, ದುಡ್ಡು ಕೊಟ್ಟರೆ ಮತ್ತೆ ಐದು ಜೀವ. ಸಾಯುವ ಭಯವೇ ಇಲ್ಲದ ಮೇಲೆ ಯಾಕೆ ಉಸಿರು ಬಿಗಿಹಿಡಿದು ಆಡಬೇಕು ಹೇಳಿ? ಮೇಲಾಗಿ ಮೊಬೈಲ್ ಈಗ ನಮ್ಮದೇ, ಯಾರೂ ಕಿತ್ತುಕೊಳ್ಳಲ್ಲ. ಪಕ್ಕದಲ್ಲಿ ಕೂತು "ಎಡಕ್ಕೆ ತಿರುಗ್ಸು, ಎಡಕ್ಕೆ!" ಅಂತ ಕಿರುಚುತ್ತಾ, ಒಳಗೊಳಗೆ ನಾವು ಔಟಾಗಲಿ ಅಂತ ಕಾಯುವವರೂ ಇಲ್ಲ.

ನಿಮಗೆ ಈಗ ಆಡಬೇಕು ಅನ್ನಿಸಿದರೆ 2017ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂದ ನೋಕಿಯಾ 3310ರಲ್ಲಿ ಗೇಮ್‌ಲಾಫ್ಟ್ ಕಂಪನಿ ಮಾಡಿದ ಬಣ್ಣದ ಸ್ನೇಕ್ ಇದೆ. ನನಗೆ ಹಿಡಿಸಲಿಲ್ಲ. ಟಚ್ ಸ್ಕ್ರೀನ್ ಆಪ್‌ಗಳಂತೂ ಬೇಡವೇ ಬೇಡ, ಬೆರಳು ಜಾರಿಸಿದರೆ ಹಾವು ಮಾತು ಕೇಳಲ್ಲ. ಮನೆಯ ಬೀರುವಿನಲ್ಲಿ ಹಳೇ 1100 ಬಿದ್ದಿದ್ದರೆ ಅದೇ ಒಳ್ಳೇದು. ಅದಕ್ಕೆ ಹಾಕುವ ಬಿಎಲ್-5ಸಿ ಬ್ಯಾಟರಿ ಈಗಲೂ ಅಂಗಡಿಯಲ್ಲಿ ಸಿಗುತ್ತದೆ, ಅಪ್ಪನ ಸೆಟ್ಟಿಗೆ ನಾನೂ ಹಾಕಿಸಿದ್ದೇನೆ. ಆದರೆ ಮೊದಲು ದಪ್ಪ ಪಿನ್ನಿನ ಚಾರ್ಜರ್ ಹುಡುಕಿಟ್ಟುಕೊಳ್ಳಿ, ಪರದಾಟ ಇರುವುದು ಅದಕ್ಕೇ.