ಓದುಗರ ಪ್ರಶ್ನೆ, ನಮ್ಮ ಉತ್ತರ: ಬೋಟಿನ ಎಂಜಿನ್ ಬಿಸಿಯಾದಾಗ, ಹೊಗೆ ಬಣ್ಣ ಬದಲಿಸಿದಾಗ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರೀಕೃತ ಬೋಟುಗಳು ಕಡಲಿಗಿಳಿದ ಮೇಲೆ ಈ ಅಂಕಣಕ್ಕೆ ಕರಾವಳಿಯಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ ಬಿಸಿಯಾಗುವುದನ್ನೂ ಹೊಗೆಯನ್ನೂ ಕುರಿತವು. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಒಂದೇ ತೊಂದರೆಯನ್ನು ಹಲವರು ಬರೆದಿದ್ದ ಕಡೆ ಪ್ರಶ್ನೆಗಳನ್ನು ಒಂದಾಗಿ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮ ಟ್ರಾಲ್ ಬೋಟಿನ ಎಂಜಿನ್ ದಕ್ಕೆಯಲ್ಲಿ ಎಷ್ಟು ಹೊತ್ತು ಓಡಿದರೂ ಬಿಸಿಯಾಗುವುದಿಲ್ಲ. ಬಲೆ ಎಳೆಯಲು ತೊಡಗಿದ ಅರ್ಧ ಗಂಟೆಯೊಳಗೆ ಗೇಜಿನ ಮುಳ್ಳು 95 ಡಿಗ್ರಿ ದಾಟುತ್ತದೆ. ಮೆಕ್ಯಾನಿಕ್ ಥರ್ಮೋಸ್ಟ್ಯಾಟ್ ತೆಗೆದುಹಾಕಿದರೂ ಪ್ರಯೋಜನವಾಗಲಿಲ್ಲ. ಈಗ ಹೆಡ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಬಹುದೇ?
– ಬೋಟ್ ಮಾಲೀಕರು, ಮಲ್ಪೆ

ಉತ್ತರ: ಈಗಲೇ ಬಿಚ್ಚಿಸಬೇಡಿ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹಾಳೆ) ಹೋಗಿದ್ದರೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲೇ ತಂಪುನೀರಿನ ಹೆಡರ್ ಟ್ಯಾಂಕಿನಲ್ಲಿ ಬಿಡದೆ ಗುಳ್ಳೆಗಳು ಏಳುತ್ತವೆ, ನೀರು ಬಿಸಿಯಾಗುವ ಮೊದಲೇ ಹೋಸ್‌ಗಳು ಬಿಗಿಯಾಗುತ್ತವೆ. ನಿಮ್ಮ ಪತ್ರದಲ್ಲಿ ಅಂಥ ಯಾವ ಲಕ್ಷಣವೂ ಇಲ್ಲ. ಎಂಜಿನ್ ಖಾಲಿ ಓಡುವಾಗ ತಣ್ಣಗಿದ್ದು ಭಾರ ಬಿದ್ದಾಗ ಮಾತ್ರ ಕಾಯುತ್ತದೆ ಎಂದರೆ, ನೀರು ಹರಿಯುತ್ತಿದೆ, ಆದರೆ ಬೇಕಾದಷ್ಟು ಹರಿಯುತ್ತಿಲ್ಲ ಅಥವಾ ಹರಿದರೂ ಶಾಖವನ್ನು ಹೊರಗೆ ಒಯ್ಯುತ್ತಿಲ್ಲ ಎಂದರ್ಥ. ಡೀಸೆಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ತಂಪುನೀರಿನ ಪಾಲಿಗೆ ಬರುತ್ತದೆ. ಬಲೆ ಎಳೆಯುವಾಗ ಉರಿಯುವ ಡೀಸೆಲ್ ಹಲವು ಪಟ್ಟು ಹೆಚ್ಚುವುದರಿಂದ ದಕ್ಕೆಯಲ್ಲಿ ಕಾಣದ ಕೊರತೆ ಅಲ್ಲಿ ಬಯಲಾಗುತ್ತದೆ.

ನಿಮ್ಮಂಥ ಎಂಜಿನ್ನಿನೊಳಗೆ ಸುತ್ತುವುದು ಸಿಹಿನೀರು; ಅದನ್ನು ಕೂಲರಿನಲ್ಲಿ ತಣಿಸುವುದು ಪಂಪ್ ಹೊರಗಿನಿಂದ ಎಳೆದುಕೊಳ್ಳುವ ಉಪ್ಪುನೀರು. ಸಿಹಿನೀರು ಬಿಸಿಯಾದಾಗ ಕೂಲರಿನ ದಾರಿ ತೆರೆಯುವ ಥರ್ಮೋಸ್ಟ್ಯಾಟ್ ಅನ್ನು ಮೊದಲು ಸ್ವಸ್ಥಾನಕ್ಕೆ ಹಾಕಿಸಿ. ಅನೇಕ ಎಂಜಿನ್‌ಗಳಲ್ಲಿ ಅದು ತೆರೆದುಕೊಳ್ಳುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ಕೂಲರ್‌ಗೆ ಹೋಗದೆ ಮತ್ತೆ ಎಂಜಿನ್ನಿಗೇ ತಿರುಗುತ್ತದೆ. ಬಿಸಿ ಕಡಿಮೆಯಾಗುವ ಬದಲು ಹೆಚ್ಚಲೂಬಹುದು. ಥರ್ಮೋಸ್ಟ್ಯಾಟ್ ಮೇಲೆ ಸಂಶಯವಿದ್ದರೆ ಪಾತ್ರೆಯ ನೀರಿನಲ್ಲಿ ತೂಗುಹಾಕಿ ಕಾಯಿಸಿ, ಅದರ ಮೇಲೆ ಅಚ್ಚಾಗಿರುವ ಡಿಗ್ರಿಯಲ್ಲಿ ತೆರೆಯುತ್ತದೆಯೇ ಎಂದು ನೋಡಿದರೆ ಸಾಕು.

ಅನಂತರ ಉಪ್ಪುನೀರು ಒಳಬರುವ ತೂತಿನಿಂದ ಹೊರಬೀಳುವ ಬಾಯಿಯವರೆಗೆ, ಅದು ಹರಿಯುವ ಕ್ರಮದಲ್ಲೇ ಒಂದೊಂದನ್ನು ನೋಡುತ್ತ ಹೋಗಿ. ಮಳೆಗಾಲದಲ್ಲಿ ಅಳಿವೆಯಲ್ಲಿ ಕಟ್ಟಿಹಾಕಿದ್ದ ಬೋಟಿನ ಒಳಹರಿವಿನ ಜಾಲರಿಗೆ ಬಾರ್ನಕಲ್ ಎಂಬ ಚಿಪ್ಪುಜೀವಿ ಕಟ್ಟಿಕೊಂಡಿರುವುದು ಸಾಮಾನ್ಯ. ಬಂದರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲದ ತುಂಡು ಇನ್ನೊಂದು ಉಪದ್ರವ: ಎಂಜಿನ್ ಜೋರಾದಾಗ ಅದು ಜಾಲರಿಗೆ ಹೀರಿಕೊಂಡು ನಿಲ್ಲುತ್ತದೆ, ನಿಧಾನವಾದಾಗ ಕಳಚಿ ತೇಲಿಹೋಗುತ್ತದೆ, ಆದ್ದರಿಂದ ದಕ್ಕೆಗೆ ಬಂದು ಹುಡುಕಿದರೆ ಏನೂ ಸಿಗುವುದಿಲ್ಲ. ಕಸ ಸೋಸುವ ಸ್ಟ್ರೈನರಿನ ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ, ಪಂಪಿಗಿಂತ ಮೊದಲಿನ ಈ ಭಾಗ ಹೀರಿಕೆಯಲ್ಲಿರುವುದರಿಂದ, ನೀರು ಹೊರಗೆ ಸೋರುವ ಬದಲು ಗಾಳಿ ಒಳಗೆ ಸೇರುತ್ತದೆ. ಹಾಗಾಗಿ ಅಲ್ಲಿ ಒಂದು ಹನಿ ನೀರೂ ಕಾಣದಿರಬಹುದು. ಎಂಜಿನ್ ಪೂರ್ಣ ವೇಗದಲ್ಲಿರುವಾಗ ಪಂಪಿಗೆ ಬರುವ ಹೋಸ್ ಅನ್ನು ಕೈಯಿಂದ ಮುಟ್ಟಿ ನೋಡಿ. ಒಳಗೆ ತಂತಿಯಿಲ್ಲದ ಹಳೆಯ ಹೋಸ್ ಹೀರಿಕೆಗೆ ಚಪ್ಪಟೆಯಾಗಿಬಿಡುತ್ತದೆ, ಎಂಜಿನ್ ನಿಂತೊಡನೆ ಮತ್ತೆ ಗುಂಡಗಾಗುತ್ತದೆ.

ಪಂಪಿನ ಮುಚ್ಚಳ ಬಿಚ್ಚಿದಾಗ, ನೀರು ತಳ್ಳುವ ಚಕ್ರವಾದ ಇಂಪೆಲ್ಲರಿನ ರಬ್ಬರ್ ರೆಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ಬಗ್ಗಿಸಿ ಬುಡವನ್ನು ಪರೀಕ್ಷಿಸಿ. ಎರಡು ತಿಂಗಳು ತಿರುಗದೆ ಒಂದೇ ಭಂಗಿಯಲ್ಲಿದ್ದ ರೆಕ್ಕೆಗಳು ಹಾಗೆಯೇ ಬಾಗಿ ನಿಂತಿರುತ್ತವೆ, ಬುಡದಲ್ಲಿ ಕೂದಲೆಳೆಯಂಥ ಸೀಳುಗಳಿರುತ್ತವೆ. ರೆಕ್ಕೆಯೊಂದು ಮುರಿದಿದ್ದರೆ ಹೊಸ ಇಂಪೆಲ್ಲರ್ ಹಾಕಿ ಸುಮ್ಮನಾಗಬೇಡಿ; ಮುರಿದ ತುಂಡು ಸಿಗುವವರೆಗೆ ಹುಡುಕಿ. ಅದು ಬಹುತೇಕ ಕೂಲರಿನ ಒಳಬಾಯಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಹೊಸ ಇಂಪೆಲ್ಲರ್ ತಳ್ಳುವ ನೀರಿಗೂ ಅಡ್ಡವಾಗುತ್ತದೆ. ಪಂಪಿನ ಮುಚ್ಚಳದ ಒಳಮೈಯಲ್ಲಿ ಉಗುರಿಗೆ ತಡೆಯುವಷ್ಟು ಆಳದ ಗೀರು ಸುತ್ತುಗಟ್ಟಿದ್ದರೂ ಪಂಪಿನ ಬಲ ಕುಗ್ಗುತ್ತದೆ.

ಇಷ್ಟರಲ್ಲೂ ದೋಷ ಕಾಣದಿದ್ದರೆ ಊಹೆ ಬಿಟ್ಟು ಅಳೆಯಬೇಕು. ಕೈಯಲ್ಲಿ ಹಿಡಿದು ಗುರಿಯಿಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದಕ್ಕೆ ಸಾಕು. ಹೊಳೆಯುವ ಲೋಹದ ಮೇಲೆ ಅದು ತಪ್ಪು ಅಂಕಿ ತೋರಿಸುತ್ತದೆಯಾದ್ದರಿಂದ ಅಳೆಯುವ ಜಾಗಗಳಿಗೆ ಕಪ್ಪು ಬಣ್ಣದ ಬೊಟ್ಟು ಹಚ್ಚಿಕೊಳ್ಳಿ. ಬಲೆ ಎಳೆಯುತ್ತಿರುವಾಗ ಕೂಲರಿಗೆ ಬರುವ ಮತ್ತು ಅದರಿಂದ ಹೋಗುವ ಉಪ್ಪುನೀರು, ಹಾಗೆಯೇ ಬರುವ ಮತ್ತು ಹೋಗುವ ಸಿಹಿನೀರು, ಹೀಗೆ ನಾಲ್ಕು ಕಡೆ ಅಂಕಿ ಬರೆದುಕೊಳ್ಳಿ. ಉಪ್ಪುನೀರು ಕೂಲರಿನೊಳಗೆ ಇಪ್ಪತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿ ಹೊರಬರುತ್ತಿದ್ದರೆ ಅದರ ಹರಿವೇ ಕಡಿಮೆ. ಉಪ್ಪುನೀರು ಹೆಚ್ಚು ಕಾಯದೆ, ಸಿಹಿನೀರೂ ಹೆಚ್ಚು ತಣಿಯದೆ ಬಿಸಿಯಾಗಿಯೇ ಹೋಗುತ್ತಿದ್ದರೆ ಕೂಲರಿನ ಕೊಳವೆಗಳಿಗೆ ಗಸಿ ಅಥವಾ ಉಪ್ಪಿನ ಪದರ ಕಟ್ಟಿದೆ. ಸಿಹಿನೀರು ಕೂಲರಿನಲ್ಲಿ ವಿಪರೀತ ತಣ್ಣಗಾಗಿಯೂ ಎಂಜಿನ್ ಕಾಯುತ್ತಿದ್ದರೆ ಸಿಹಿನೀರಿನ ಪಂಪನ್ನೂ ಅದರ ಬೆಲ್ಟನ್ನೂ ನೋಡಬೇಕು.

ಮಳೆಗಾಲದಲ್ಲಿ ಪ್ರೊಪೆಲ್ಲರ್ ಬದಲಾಯಿಸಿದಿರಾ ಎಂಬುದನ್ನು ನೀವು ಬರೆದಿಲ್ಲ. ಬಲೆಯಿಲ್ಲದೆ ಪೂರ್ಣ ವೇಗ ಕೊಟ್ಟಾಗಲೂ ಎಂಜಿನ್ ತನ್ನ ನಿಗದಿತ ಆರ್‌ಪಿಎಂ ಮುಟ್ಟದೆ ಕಪ್ಪು ಹೊಗೆ ಬಿಡುತ್ತಿದ್ದರೆ ಪ್ರೊಪೆಲ್ಲರ್ ಅದಕ್ಕೆ ಭಾರವಾಗಿದೆ. ಆಗ ಕೂಲರ್ ಎಷ್ಟು ತೊಳೆದರೂ ಬಿಸಿ ಇಳಿಯುವುದಿಲ್ಲ.

ಪ್ರಶ್ನೆ: ಎಕ್ಸಾಸ್ಟಿನಿಂದ ನೀರಿನೊಂದಿಗೆ ಬಿಳಿ ಹೊಗೆ ಬರುತ್ತಿದೆ. ಕೆಲವರು ನೀರು ಸಿಲಿಂಡರಿಗೆ ಇಳಿಯುತ್ತಿದೆ ಎನ್ನುತ್ತಾರೆ, ಕೆಲವರು ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೆಟ್ಟಿದೆ ಎನ್ನುತ್ತಾರೆ. ಹೇಗೆ ತಿಳಿಯುವುದು?
– ಓದುಗರು, ಗಂಗೊಳ್ಳಿ

ಉತ್ತರ: ಮೂರನೆಯ ಸಾಧ್ಯತೆಯೊಂದಿದೆ, ನೀರನ್ನು ಎಕ್ಸಾಸ್ಟಿಗೆ ಬೆರೆಸುವ ಎಂಜಿನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ: ಬೆರೆಯುವ ಉಪ್ಪುನೀರು ಕಡಿಮೆಯಾಗಿ, ಇರುವಷ್ಟು ನೀರು ಹಬೆಯಾಗಿ ಹೊರಬರುತ್ತಿರುವುದು. ಹಬೆಯಾದರೆ ಬಾಯಿಯಿಂದ ಸ್ವಲ್ಪ ದೂರದಲ್ಲೇ ಗಾಳಿಯಲ್ಲಿ ಕರಗಿಹೋಗುತ್ತದೆ, ವಾಸನೆಯಿರುವುದಿಲ್ಲ. ಉರಿಯದ ಡೀಸೆಲ್‌ನ ಬಿಳಿ ಹೊಗೆ ನೀರಿನ ಮೇಲೆ ಬಹಳ ಹೊತ್ತು ತೇಲುತ್ತದೆ, ಕಣ್ಣು ಉರಿಸುತ್ತದೆ, ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ ಬಿಡುತ್ತದೆ. ಸಿಲಿಂಡರಿಗೆ ನೀರು ಇಳಿಯುತ್ತಿದ್ದರೆ ಹೆಡರ್ ಟ್ಯಾಂಕಿನ ಮಟ್ಟ ದಿನದಿನಕ್ಕೆ ಇಳಿಯಬೇಕು.

ಹೊರಬೀಳುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ನಿಮಿಷಕ್ಕೆ ಎಷ್ಟು ಲೀಟರ್ ಎಂದು ಲೆಕ್ಕಹಾಕಿ ಎಂಜಿನ್ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಐದು ನದಿಗಳು ಕಡಲು ಸೇರುವ ನಿಮ್ಮ ಅಳಿವೆಯಲ್ಲಿ ಮಳೆಗಾಲದ ಕೆಸರುನೀರು ಸ್ಟ್ರೈನರ್ ದಾಟಿ ಒಳಹೋಗುತ್ತದೆಂಬುದನ್ನು ಮರೆಯಬಾರದು. ಪಂಪ್ ಸರಿಯಾಗಿದ್ದೂ ನೀರು ಕಡಿಮೆಯಿದ್ದರೆ ನೀರು ಮತ್ತು ಹೊಗೆ ಕೂಡುವ ಮಿಕ್ಸಿಂಗ್ ಎಲ್ಬೋ ಬಿಚ್ಚಿ ನೋಡಿ. ಉಪ್ಪು ಮತ್ತು ಮಸಿ ಸೇರಿ ಕಲ್ಲಿನಂತೆ ಗಟ್ಟಿಯಾಗಿ, ದಾರಿಯನ್ನು ಹೆಬ್ಬೆರಳು ಹೋಗುವಷ್ಟಕ್ಕೆ ಕಿರಿದಾಗಿಸಿರುವ ಎಲ್ಬೋಗಳು ಅಪರೂಪವಲ್ಲ. ಅಂಥ ಎಲ್ಬೋ ಹೊಗೆಗೂ ತಡೆಯಾಗುವುದರಿಂದ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಎಲ್ಬೋಗಿಂತ ಮೊದಲು, ನೀರು ಸೇರದ ಜಾಗದಲ್ಲಿ ಒಂದು ಸಣ್ಣ ನಿಪ್ಪಲ್ ಕೂಡಿಸಿ, ಗಜದಷ್ಟು ತಾಮ್ರದ ಕೊಳವೆಯ ನಂತರ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಾಗಿಸಿ ನೀರು ತುಂಬಿಸಿದರೆ ಹಿಂದೊತ್ತಡವನ್ನು, ಅಂದರೆ ತಡೆಗೊಂಡ ಹೊಗೆ ಎಂಜಿನ್ ಕಡೆಗೆ ಒತ್ತುವ ಒತ್ತಡವನ್ನು, ಅಳೆಯಬಹುದು. ಎರಡು ಕಡೆಯ ನೀರಿನ ಮಟ್ಟದ ನಡುವೆ ಒಂದು ಮೀಟರ್ ಅಂತರವೆಂದರೆ ಸುಮಾರು 9.8 ಕಿಲೋಪ್ಯಾಸ್ಕಲ್. ಎಷ್ಟರವರೆಗೆ ಸರಿ ಎಂಬುದನ್ನು ಕೈಪಿಡಿ ಹೇಳುತ್ತದೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಟರ್ಬೊ ದಾಟಿದ ಮೇಲೆ ಅಳೆಯಬೇಕು.

ಪ್ರಶ್ನೆ: ಪ್ರವಾಸಿಗರನ್ನು ಕರೆದೊಯ್ಯುವ ನಮ್ಮ ದೋಣಿಯ ಎಂಜಿನ್ ಬೆಳಿಗ್ಗೆ ಚಾಲೂ ಆಗಲಿಲ್ಲ. ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿದೆಯೆಂದು ತಿಳಿದು ಬಹಳ ಹೊತ್ತು ಸೆಲ್ಫ್ ಹೊಡೆದೆವು. ಆಮೇಲೆ ಎಂಜಿನ್ ಟಕ್ಕೆಂದು ನಿಂತು ತಿರುಗುತ್ತಲೇ ಇಲ್ಲ. ಬೇರಿಂಗ್ ಹಿಡಿಯಿತೆ?
– ಓದುಗರು, ಕಾರವಾರ

ಉತ್ತರ: ಬೇರಿಂಗ್ ಅಲ್ಲ, ನೀರು ಇರಬೇಕು. ಇನ್ನೊಮ್ಮೆಯೂ ಸೆಲ್ಫ್ ಮುಟ್ಟಬೇಡಿ. ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುವಾಗ ಉಪ್ಪುನೀರಿನ ಪಂಪೂ ತಿರುಗಿ ಎಕ್ಸಾಸ್ಟಿಗೆ ನೀರು ತಳ್ಳುತ್ತಲೇ ಇರುತ್ತದೆ. ಎಂಜಿನ್ ಓಡುತ್ತಿದ್ದರೆ ಆ ನೀರನ್ನು ಹೊಗೆ ಹೊರದೂಡುತ್ತದೆ. ಓಡದಿದ್ದಾಗ ನೀರು ಸೈಲೆನ್ಸರಿನಲ್ಲೇ ತುಂಬಿ, ಎಲ್ಬೋವರೆಗೆ ಏರಿ, ತೆರೆದಿರುವ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಮೇಲೇರಲಾರದು. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸೀಕಾಕ್ (ಉಪ್ಪುನೀರು ಒಳಬರುವ ತೂತಿನ ವಾಲ್ವ್) ಮುಚ್ಚಿ, ಸೈಲೆನ್ಸರಿನ ಬಿರಡೆ ಬಿಚ್ಚಿ ನೀರು ಬಸಿಯಿರಿ. ಎಲ್ಲ ಇಂಜೆಕ್ಟರ್‌ಗಳನ್ನು ತೆಗೆದು ಕ್ರ್ಯಾಂಕನ್ನು ಸ್ಪ್ಯಾನರ್ ಹಾಕಿ ಕೈಯಿಂದಲೇ ನಿಧಾನವಾಗಿ ತಿರುಗಿಸಿ. ನೀರು ತೂತುಗಳಿಂದ ಹೊರಚಿಮ್ಮುತ್ತದೆ, ಮುಖ ಅಡ್ಡವಿಡಬೇಡಿ. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಫಿಲ್ಟರ್ ಸಮೇತ ಬದಲಾಯಿಸಿ, ಎಂಜಿನ್ ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ಬದಲಾಯಿಸಿ. ಈ ಕೆಲಸ ಅದೇ ದಿನ ಆಗಬೇಕು. ಉಪ್ಪುನೀರು ಒಂದೆರಡು ದಿನ ಒಳಗೆ ಕೂತರೆ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಹಿಡಿದು ನಿಜವಾಗಿಯೂ ಎಂಜಿನ್ ಬಿಚ್ಚಬೇಕಾಗುತ್ತದೆ.

ಇನ್ನು ಮುಂದೆ ಎಂಜಿನ್ ಬೇಗ ಚಾಲೂ ಆಗದಿದ್ದರೆ ಸೀಕಾಕ್ ಮುಚ್ಚಿಕೊಂಡೇ ಸೆಲ್ಫ್ ಹೊಡೆಯಿರಿ, ಓಡಿದೊಡನೆ ತೆರೆಯಿರಿ. ತೆರೆಯಲು ತಡವಾದರೆ ಇಂಪೆಲ್ಲರ್ ಒಣಗಿ ಸುಟ್ಟೀತು. ದೋಣಿ ಸುಮ್ಮನೆ ನಿಂತಿದ್ದಾಗಲೇ ಹೀಗೆ ನೀರು ತುಂಬಿದ್ದರೆ ಕಾರಣ ಬೇರೆ. ಎಲ್ಬೋಗೆ ನೀರು ಸೇರುವ ಜಾಗ ಹೊರಗಿನ ನೀರಿನ ಮಟ್ಟಕ್ಕಿಂತ 15ರಿಂದ 20 ಸೆಂಟಿಮೀಟರಿನಷ್ಟಾದರೂ ಮೇಲಿಲ್ಲದಿದ್ದರೆ ನಿಂತ ಎಂಜಿನ್ನಿಗೆ ನೀರು ತಾನಾಗಿ ಹರಿದುಬರುತ್ತದೆ. ಅಂಥಲ್ಲಿ ಎತ್ತರದ ಹೋಸ್ ಸುತ್ತು ಮತ್ತು ಅದರ ನೆತ್ತಿಯಲ್ಲಿ ಗಾಳಿಯನ್ನು ಒಳಬಿಡುವ ಸೈಫನ್ ತಡೆ ವಾಲ್ವ್ ಇರಲೇಬೇಕು, ಆ ವಾಲ್ವ್ ಉಪ್ಪುಗಟ್ಟಿ ಮುಚ್ಚಿಕೊಂಡಿರಬಾರದು.

ಪ್ರಶ್ನೆ: ಕಕ್ಕಸು ತೊಳೆಯುವ ಆ್ಯಸಿಡ್ ಹಾಕಿ ಕೂಲರ್ ತೊಳೆಯಬಹುದೆ? ಕೂಲೆಂಟ್ ಬದಲು ಬಾವಿ ನೀರು ಸಾಕಲ್ಲವೆ?
– ಓದುಗರು, ಮಂಗಳೂರು

ಉತ್ತರ: ಎರಡೂ ಬೇಡ. ಆ ಆ್ಯಸಿಡ್ ಕೂಲರಿನ ಅಲ್ಯೂಮಿನಿಯಂ ಹೊರಕವಚವನ್ನು ತಿಂದುಬಿಡುತ್ತದೆ. ಕೊಳವೆಗಳ ಗೊಂಚಲನ್ನು ಹೊರತೆಗೆದು, ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಗಸಿ ತಳ್ಳಿ, ಉಳಿದ ಬಿಳಿ ಪದರವನ್ನು ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿ ಚೆನ್ನಾಗಿ ತೊಳೆಯಿರಿ. ಅಲ್ಲಿರುವ ಸತುವಿನ ಕಡ್ಡಿ ಅರ್ಧ ಸವೆದಿದ್ದರೆ ಬದಲಾಯಿಸಿ. ಅದು ಮುಗಿದರೆ ಮುಂದಿನ ಸರದಿ ಕೊಳವೆಗಳದ್ದು. ಕೂಲೆಂಟ್ ನಮ್ಮ ಹವೆಯಲ್ಲಿ ಬೇಕಾಗುವುದು ಹಿಮಕ್ಕಲ್ಲ, ತುಕ್ಕು ತಡೆಯುವುದಕ್ಕೆ. ಟ್ಯಾಂಕಿನ ಕ್ಯಾಪನ್ನೂ ನೋಡಿಕೊಳ್ಳಿ: 0.5 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರಿಯ ನೀರೂ ಸುಮಾರು 111 ಡಿಗ್ರಿಯವರೆಗೆ ಕುದಿಯುವುದಿಲ್ಲ, ಕ್ಯಾಪಿನ ರಬ್ಬರ್ ಹೋಗಿದ್ದರೆ 100ಕ್ಕೇ ಕುದಿದು ಉಕ್ಕುತ್ತದೆ.

ಪ್ರಶ್ನೆ: ನಮ್ಮದು ಮೇಲಕ್ಕೆ ಹೊಗೆಕೊಳವೆಯಿರುವ ಒಣ ಎಕ್ಸಾಸ್ಟ್. ರಾತ್ರಿ ಎಂಜಿನ್ ಓಡುತ್ತಿರುವಾಗ ಕ್ಯಾಬಿನ್ನಿನಲ್ಲಿ ಮಲಗಿದವರಿಗೆ ಬೆಳಿಗ್ಗೆ ತಲೆನೋವು ಬರುತ್ತದೆ.
– ತಾಂಡೇಲರು (ಬೋಟ್ ನಡೆಸುವವರು), ಭಟ್ಕಳ

ಉತ್ತರ: ಇದನ್ನು ಇಂದೇ ನೋಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ಎಂಜಿನ್ ಅದನ್ನು ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ ಬಿಡುತ್ತದಾದರೂ ಮುಚ್ಚಿದ ಕ್ಯಾಬಿನ್ನಿನಲ್ಲಿ ಮಲಗಿದವರಿಗೆ ಅಪಾಯ ತಪ್ಪಿದ್ದಲ್ಲ. ತಲೆನೋವು ಅದರ ಮೊದಲ ಲಕ್ಷಣ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಬೆಲ್ಲೋಸ್ (ಕೊಳವೆಯ ನಡುವಿನ ಸುಕ್ಕುಸುಕ್ಕಾದ, ಬಾಗುವ ತುಂಡು) ಮತ್ತು ಕೊಳವೆ ಬಲ್ಕ್‌ಹೆಡ್ (ಬೋಟಿನ ಒಳಗೋಡೆ) ದಾಟುವ ಜಾಗ, ಈ ಮೂರರಲ್ಲಿ ಎಲ್ಲಾದರೂ ಮಸಿಯ ಗೆರೆ ಕಂಡರೆ ಸೋರಿಕೆ ಅಲ್ಲೇ ಇದೆ. ಕೊಳವೆಗೆ ಸುತ್ತಿದ ಶಾಖತಡೆ ಪಟ್ಟಿಯನ್ನು ಬಿಚ್ಚಿ ನೋಡಬೇಕಾಗುತ್ತದೆ. ಬಿರುಕುಗಳು ಬಹುಮಟ್ಟಿಗೆ ಅದರ ಅಡಿಯಲ್ಲೇ ಅಡಗಿರುತ್ತವೆ. ಪಟ್ಟಿ ಹಳೆಯ ಕಲ್ನಾರಿನದಾಗಿದ್ದರೆ ಒಣಗಿದ್ದಾಗ ಕೀಳಬೇಡಿ, ಒದ್ದೆ ಮಾಡಿ, ಮೂಗಿಗೆ ಸರಿಯಾದ ಮುಖಗವಸು ಹಾಕಿಕೊಂಡು ತೆಗೆಯಿರಿ, ಹೊಸದಾಗಿ ಗಾಜಿನೆಳೆಯ ಪಟ್ಟಿ ಸುತ್ತಿಸಿ. ಅಲ್ಲಿಯವರೆಗೆ ಎಂಜಿನ್ ಓಡುವಾಗ ಯಾರೂ ಕೆಳಗೆ ಮಲಗಬಾರದು.